ಸಂಚಕಾರ ಕೊಡುವ ಮುನ್ನ: ಬಳ್ಳಾರಿ, ಕೊಪ್ಪಳ, ರಾಯಚೂರಿನವರಿಗೆ ಮನೆ ಸಾಲದ ಮಾರ್ಗದರ್ಶಿ

ನಮ್ಮ ಭಾಗದಲ್ಲಿ ಮನೆ ಕೊಳ್ಳುವ ಕೆಲಸ ಹೆಚ್ಚಾಗಿ ತಲೆಕೆಳಗಾಗಿ ನಡೆಯುತ್ತದೆ. ಸೈಟೋ ಮನೆಯೋ ಮನಸ್ಸಿಗೆ ಒಪ್ಪಿದ ಕೂಡಲೇ ಒಳ್ಳೆಯ ದಿನ ನೋಡಿ, ಎರಡು ಮೂರು ಲಕ್ಷ ಸಂಚಕಾರ ಕೊಟ್ಟು, ಮೂರು ತಿಂಗಳ ವಾಯಿದೆಯ ಕರಾರು ಬರೆಸುತ್ತಾರೆ. ಬ್ಯಾಂಕಿಗೆ ಹೋಗುವುದು ಅದಾದ ಮೇಲೆ. ಬ್ಯಾಂಕಿನ ವಕೀಲರು ಕಾಗದಪತ್ರ ನೋಡಿ ‘ಇದಕ್ಕೆ ಸಾಲ ಬರುವುದಿಲ್ಲ’ ಎನ್ನುವಷ್ಟರಲ್ಲಿ ವಾಯಿದೆ ಮುಗಿಯುತ್ತ ಬಂದಿರುತ್ತದೆ. ಕೊಟ್ಟ ಹಣ ಮುಳುಗಬಾರದೆಂಬ ಆತಂಕದಲ್ಲಿ, ಯಾರು ಕೊಟ್ಟರೂ ಸರಿ, ಎಷ್ಟು ಬಡ್ಡಿಯಾದರೂ ಸರಿ ಎಂದು ಸಹಿ ಹಾಕಿದ ಕುಟುಂಬಗಳನ್ನು ನಾನು ಬಹಳ ನೋಡಿದ್ದೇನೆ. ಆ ಸಹಿಯ ಬೆಲೆಯನ್ನು ಅವರು ಹದಿನೈದು ಇಪ್ಪತ್ತು ವರ್ಷ ತೆರುತ್ತಾರೆ.

ಆದ್ದರಿಂದ ಈ ಕ್ರಮವನ್ನು ತಿರುಗಿಸಿ. ಮೊದಲು ಕೈಯಲ್ಲಿರುವ ಹಣದ ಲೆಕ್ಕ, ಬಳಿಕ ಆಸ್ತಿಯ ಕಾಗದ, ಬಳಿಕ ಸಾಲ ಕೊಡುವ ಸಂಸ್ಥೆ, ಆಮೇಲೆ ಬಡ್ಡಿಯ ಚೌಕಾಸಿ. ಸಂಚಕಾರ ಎಲ್ಲಕ್ಕಿಂತ ಕೊನೆಗೆ. ಎಲ್ಲರೂ ಮೊದಲು ಕೇಳುವುದು ಬಡ್ಡಿ ದರವನ್ನೇ. ಆದರೆ ಯಾವ ಸಂಸ್ಥೆ ನಿಮಗೆ ಸಾಲ ಕೊಡುತ್ತದೆ ಎಂಬುದನ್ನು ಆಸ್ತಿಯ ಕಾಗದ ತೀರ್ಮಾನಿಸುತ್ತದೆ, ಬಡ್ಡಿಯನ್ನು ಆ ಸಂಸ್ಥೆ ತೀರ್ಮಾನಿಸುತ್ತದೆ.

ಹೆಜ್ಜೆ 1: ಕೈಯಲ್ಲಿ ಎಷ್ಟಿರಬೇಕು?

ಮನೆಯ ಪೂರ್ತಿ ಬೆಲೆಗೆ ಯಾವ ಬ್ಯಾಂಕೂ ಸಾಲ ಕೊಡುವಂತಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷ ರೂಪಾಯಿವರೆಗಿನ ಸಾಲವಾದರೆ ಆಸ್ತಿ ಮೌಲ್ಯದ ಗರಿಷ್ಠ ಶೇ 90, 30 ಲಕ್ಷದಿಂದ 75 ಲಕ್ಷದವರೆಗೆ ಶೇ 80, ಅದಕ್ಕೂ ಮೇಲಾದರೆ ಶೇ 75. ಇದು ಮೇಲ್ಮಿತಿ ಮಾತ್ರ. ಅರ್ಜಿದಾರನ ಆದಾಯ, ಆಸ್ತಿ ಇರುವ ಜಾಗ ನೋಡಿ ಬ್ಯಾಂಕು ಇನ್ನೂ ಕಡಿಮೆ ಕೊಡಬಹುದು.

ನೋಂದಣಿ ಖರ್ಚನ್ನು ಸಾಮಾನ್ಯವಾಗಿ ಈ ಮೌಲ್ಯದಲ್ಲಿ ಸೇರಿಸುವುದಿಲ್ಲ. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಶೇ 1ರಿಂದ ಶೇ 2ಕ್ಕೆ ಏರಿದೆ. ಒಟ್ಟು ನಗರ ಪ್ರದೇಶದಲ್ಲಿ ಸುಮಾರು ಶೇ 7.6 ಆಗುತ್ತದೆ.

ಬಳ್ಳಾರಿಯಲ್ಲಿ 40 ಲಕ್ಷದ ಮನೆಯೊಂದನ್ನು ನೋಡಿದ್ದೀರಿ ಎಂದುಕೊಳ್ಳಿ. ಹೆಚ್ಚೆಂದರೆ 32 ಲಕ್ಷ ಸಾಲ ಸಿಗುತ್ತದೆ. ಉಳಿದ 8 ಲಕ್ಷ ನಿಮ್ಮದು. ನೋಂದಣಿಗೆ 3 ಲಕ್ಷ ದಾಟುತ್ತದೆ. ಬ್ಯಾಂಕಿನ ಶುಲ್ಕ, ವಕೀಲರ ಶುಲ್ಕ, ಒಳಗಿನ ಸಣ್ಣಪುಟ್ಟ ಕೆಲಸ ಸೇರಿದರೆ ಹನ್ನೆರಡು ಲಕ್ಷ ಕೈಯಲ್ಲಿ ಇರಲೇಬೇಕು. ‘ಎಂಟು ಲಕ್ಷ ಇದೆ, ಉಳಿದದ್ದು ಬ್ಯಾಂಕು ಕೊಡುತ್ತದೆ’ ಎಂದು ಹೊರಟವರು ಆ ನಾಲ್ಕು ಲಕ್ಷಕ್ಕೆ ಕೈಸಾಲ ಮಾಡುತ್ತಾರೆ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇ 24. ಮನೆ ಸಾಲದಲ್ಲಿ ಅರ್ಧ ಪರ್ಸೆಂಟ್ ಕಡಿಮೆ ಮಾಡಿಸಿಕೊಂಡ ಲಾಭವನ್ನೆಲ್ಲ ಆ ಕೈಸಾಲ ನುಂಗಿಬಿಡುತ್ತದೆ.

ಇಲ್ಲಿಯೇ ಇನ್ನೊಂದು ಮಾತು. ಕ್ರಯಪತ್ರದಲ್ಲಿ ಮಾರ್ಗಸೂಚಿ ಬೆಲೆಯಷ್ಟನ್ನೇ, ಅಂದರೆ ನೋಂದಣಿಗೆಂದು ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆಯನ್ನೇ ತೋರಿಸಿ ಉಳಿದದ್ದನ್ನು ನಗದಾಗಿ ಕೊಡುವ ರೂಢಿ ಇನ್ನೂ ಇದೆ. ಕರಾರಿನಲ್ಲಿ ಬರೆದ ಬೆಲೆ ಮತ್ತು ತನ್ನ ಮೌಲ್ಯಮಾಪಕರು ಹೇಳಿದ ಬೆಲೆ, ಇವೆರಡರಲ್ಲಿ ಕಡಿಮೆಯಾದದ್ದರ ಮೇಲೆ ಬ್ಯಾಂಕು ಸಾಲ ಲೆಕ್ಕ ಹಾಕುತ್ತದೆ. 40 ಲಕ್ಷದ ಮನೆಗೆ ಕಾಗದದಲ್ಲಿ 24 ಲಕ್ಷ ಬರೆಸಿದರೆ ನಿಮಗೆ ಸಿಗುವ ಸಾಲ 21.6 ಲಕ್ಷ ದಾಟುವುದಿಲ್ಲ. ಜೊತೆಗೆ, ಸ್ಥಿರಾಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಹಣವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಮಾರುವವರು ಎಷ್ಟೇ ಒತ್ತಾಯಿಸಿದರೂ ನಿಜವಾದ ಬೆಲೆಯನ್ನೇ ಬರೆಸಿ, ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ. ಮುಂದೆ ಆ ಮನೆಯನ್ನು ಮಾರುವಾಗ ತೆರಿಗೆ ಲೆಕ್ಕಕ್ಕೂ ಅದೇ ಬೆಲೆ ನಿಮ್ಮ ನೆರವಿಗೆ ಬರುತ್ತದೆ.

ಹೆಜ್ಜೆ 2: ಎಷ್ಟು ಕಂತು ಕಟ್ಟಬಲ್ಲಿರಿ?

ಸಂಬಳದಾರರಿಗೆ ಇದು ಸುಲಭ. ಕೈಗೆ ಬರುವ ಸಂಬಳದ ಸುಮಾರು ಅರ್ಧದಷ್ಟನ್ನು ಎಲ್ಲ ಕಂತುಗಳಿಗೆಂದು ಬ್ಯಾಂಕುಗಳು ಲೆಕ್ಕ ಹಿಡಿಯುತ್ತವೆ. ನನ್ನ ಸಲಹೆ ಮೂರರಲ್ಲಿ ಒಂದು ಭಾಗ ದಾಟಬೇಡಿ ಎಂದು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲೋ ಗುತ್ತಿಗೆ ಮೇಲೆ ಇರುವವರು ಹೆಚ್ಚುವರಿ ಪಾಳಿಯ ಹಣವನ್ನು ಲೆಕ್ಕಕ್ಕೆ ಹಿಡಿಯಲೇಬಾರದು. ಅದು ಇದ್ದ ತಿಂಗಳು ಇರುತ್ತದೆ, ಇಲ್ಲದ ತಿಂಗಳು ಇಲ್ಲ.

ಗಂಗಾವತಿ, ಸಿಂಧನೂರು, ಕಾರಟಗಿ ಕಡೆಯ ರೈತರ ಕಷ್ಟ ಬೇರೆಯೇ. ಭತ್ತ ಮಾರಿದಾಗ ಹಣ ಬರುತ್ತದೆ, ಕಂತು ಪ್ರತಿ ತಿಂಗಳೂ ಕೇಳುತ್ತದೆ. ತುಂಗಭದ್ರಾ ನಾಲೆಯಲ್ಲಿ ಎರಡನೇ ಬೆಳೆಗೆ ನೀರು ಬರದ ವರ್ಷ ಏನು ಗತಿ ಎಂಬುದನ್ನೂ ಈಗಲೇ ಯೋಚಿಸಬೇಕು. ಕನಿಷ್ಠ ಆರು ಕಂತಿನ ಹಣವನ್ನು ಬೇರೆ ಖಾತೆಯಲ್ಲಿಟ್ಟ ಮೇಲೆಯೇ ಸಾಲಕ್ಕೆ ಕೈಹಾಕಿ. ಆರು ತಿಂಗಳಿಗೊಮ್ಮೆ ಅಥವಾ ಸುಗ್ಗಿಗೆ ಹೊಂದುವಂತೆ ಕಟ್ಟುವ ವ್ಯವಸ್ಥೆ ಇದೆಯೇ ಎಂದು ಕೇಳಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ಹಲವರು ರಿಟರ್ನ್ಸ್ ಸಲ್ಲಿಸುವುದೇ ಇಲ್ಲ. ಆದರೆ ಬ್ಯಾಂಕು ಎರಡು ಮೂರು ವರ್ಷದ ಆದಾಯಕ್ಕೆ ಪುರಾವೆ ಕೇಳುತ್ತದೆ. ಎಪಿಎಂಸಿ ಅಥವಾ ದಲ್ಲಾಳಿ ಅಂಗಡಿಯ ಪಟ್ಟಿಗಳನ್ನು ಜೋಪಾನ ಮಾಡಿ, ಮಾರಾಟದ ಹಣ ಖಾತೆಗೇ ಬರುವಂತೆ ನೋಡಿಕೊಳ್ಳಿ.

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಹೊಲಿಗೆ ಮಾಡಿಸುವವರು, ಸಣ್ಣ ಅಂಗಡಿ, ಟ್ರಾಕ್ಟರ್, ಲಾರಿ ಇಟ್ಟುಕೊಂಡವರಿಗೂ ಇದೇ ಮಾತು. ಮನೆ ಕೊಳ್ಳಬೇಕೆಂಬ ಯೋಚನೆ ಬಂದ ದಿನದಿಂದಲೇ ವಹಿವಾಟನ್ನು ಖಾತೆಯ ಮೂಲಕ ನಡೆಸಿ, ರಿಟರ್ನ್ಸ್ ಸಲ್ಲಿಸಲು ಆರಂಭಿಸಿ. ಆದಾಯ ತೋರಿಸಲಾಗದವರಿಗೂ ಸಾಲ ಕೊಡುವ ಕಂಪನಿಗಳಿವೆ, ಆದರೆ ಆ ಅನುಕೂಲದ ಬೆಲೆಯನ್ನು ಅವು ಬಡ್ಡಿಯಲ್ಲಿ ವಸೂಲಿ ಮಾಡುತ್ತವೆ.

ಹೆಜ್ಜೆ 3: ಕ್ರೆಡಿಟ್ ವರದಿ

ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು ನಿಮ್ಮ ಸಾಲದ ಇತಿಹಾಸವನ್ನು ಇಟ್ಟಿರುತ್ತವೆ. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. 750 ದಾಟಿದ್ದರೆ ಚೌಕಾಸಿ ಮಾಡುವ ಶಕ್ತಿ ನಿಮಗಿದೆ.

ಗಂಡನ ವರದಿಯನ್ನಷ್ಟೇ ನೋಡಿ ಸುಮ್ಮನಾಗಬೇಡಿ. ಮನೆ ಸಾಲಕ್ಕೆ ಹೆಂಡತಿ ಸಹ ಅರ್ಜಿದಾರಳಾಗುತ್ತಾಳೆ. ನಮ್ಮ ಹಳ್ಳಿಗಳಲ್ಲಿ ಮೈಕ್ರೋ ಫೈನಾನ್ಸ್ ಸಾಲ ಇರುವುದು ಹೆಚ್ಚಾಗಿ ಹೆಂಗಸರ ಹೆಸರಿನಲ್ಲಿ. ವಾರದ ಕಂತು ಒಂದೆರಡು ತಪ್ಪಿದ್ದರೂ ವರದಿಯಲ್ಲಿ ಅದು ದಾಖಲಾಗಿರುತ್ತದೆ. ತಮ್ಮನಿಗೋ ಗೆಳೆಯನಿಗೋ ಜಾಮೀನು ನಿಂತಿದ್ದರೆ ಅದೂ ಇರುತ್ತದೆ. ತೀರಿಸಿದ ಸಾಲ ಇನ್ನೂ ಬಾಕಿ ಎಂದು ತೋರಿಸುತ್ತಿದ್ದರೆ ಲಿಖಿತವಾಗಿ ದೂರು ಕೊಡಿ. 30 ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಪಡೆಯುವ ಹಕ್ಕು ನಿಮಗಿದೆ. ಇದಕ್ಕೆಲ್ಲ ಸಮಯ ಹಿಡಿಯುತ್ತದೆ, ಹಾಗಾಗಿ ಆಸ್ತಿ ಹುಡುಕುವ ಮೊದಲೇ ಮುಗಿಸಿಕೊಳ್ಳಿ.

ಹೆಜ್ಜೆ 4: ಆಸ್ತಿಯ ಕಾಗದ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತು ನಿಮಗಿದ್ದರೆ ಇದನ್ನು ಓದಿ.

ಊರ ಹೊರವಲಯದಲ್ಲಿ ಹೊಲಗಳನ್ನು ಸೈಟುಗಳಾಗಿ ಕತ್ತರಿಸಿ ಮಾರುವುದು ಮೂರೂ ಜಿಲ್ಲೆಗಳಲ್ಲಿ ಜೋರಾಗಿದೆ. ಮೊದಲ ಪ್ರಶ್ನೆ: ಆ ಹೊಲ ಕೃಷಿಯೇತರ ಬಳಕೆಗೆ ಪರಿವರ್ತನೆಯಾಗಿದೆಯೇ? ‘ಎನ್‌ಎ ಆಗಿದೆ’ ಎಂಬ ಬಾಯಿಮಾತು ಸಾಲದು, ಜಿಲ್ಲಾಧಿಕಾರಿಗಳ ಆದೇಶದ ಪ್ರತಿ ಬೇಕು. ಅದು ವಾಸಕ್ಕೆಂದೇ ಆಗಿದೆಯೇ ಎಂಬುದನ್ನೂ ನೋಡಿ. ಎರಡನೆಯದು: ನಗರಾಭಿವೃದ್ಧಿ ಪ್ರಾಧಿಕಾರ ಅಥವಾ ಯೋಜನಾ ಪ್ರಾಧಿಕಾರ ಲೇಔಟ್ ನಕ್ಷೆಗೆ ಅನುಮೋದನೆ ಕೊಟ್ಟಿದೆಯೇ? ಆ ನಕ್ಷೆಯಲ್ಲಿ ನಿಮ್ಮ ಸೈಟಿನ ಸಂಖ್ಯೆ ಇದೆಯೇ, ಅಥವಾ ಅದು ಉದ್ಯಾನಕ್ಕೆಂದು ಬಿಟ್ಟ ಜಾಗವೇ? 500 ಚದರ ಮೀಟರ್ ಮೀರಿದ ಲೇಔಟ್ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ರೇರಾದಲ್ಲಿ ನೋಂದಣಿ ಆಗಿರಬೇಕು. ಕರ್ನಾಟಕ ರೇರಾದ ಜಾಲತಾಣದಲ್ಲಿ ಯೋಜನೆಯ ಹೆಸರು ಹಾಕಿದರೆ ತಿಳಿಯುತ್ತದೆ.

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಆಸ್ತಿಗೆ ಇ-ಸ್ವತ್ತು ತಂತ್ರಾಂಶದಿಂದ ಬಂದ ನಮೂನೆ 9 ಮತ್ತು ನಮೂನೆ 11ಎ ಇರಬೇಕು. ನಮೂನೆ 11ಬಿ ಎಂದರೆ ತೆರಿಗೆ ಕಟ್ಟಿಸಿಕೊಳ್ಳಲೆಂದು ದಾಖಲೆಗೆ ಸೇರಿಸಿದ್ದಾರೆ, ಅಷ್ಟರಿಂದಲೇ ಆ ಆಸ್ತಿ ಸಕ್ರಮವಾಗುವುದಿಲ್ಲ. ನಗರಸಭೆ, ಪಾಲಿಕೆ ವ್ಯಾಪ್ತಿಯಲ್ಲಿ ಇ-ಖಾತಾ ನೋಡಿ. 2024ರ ಅಕ್ಟೋಬರ್‌ನಿಂದ ಅದಿಲ್ಲದೆ ನೋಂದಣಿಯೇ ಆಗುವುದಿಲ್ಲ. 2025ರಲ್ಲಿ ರಾಜ್ಯದ ಎಲ್ಲ ನಗರಗಳಲ್ಲೂ ಅನಧಿಕೃತ ಬಡಾವಣೆಗಳಿಗೆ ಬಿ-ಖಾತಾ ಕೊಡುವ ಅಭಿಯಾನ ನಡೆಯಿತು. ‘ಖಾತಾ ಆಗಿದೆ ನೋಡಿ’ ಎಂದು ಅದನ್ನೇ ತೋರಿಸಿ ಮಾರುವವರಿದ್ದಾರೆ. ಎ-ಖಾತಾ ಎಂದರೆ ಸಕ್ರಮ ಆಸ್ತಿ, ಬಿ-ಖಾತಾ ಎಂದರೆ ದಾಖಲೆಗೆ ಸೇರಿದ ಅನಧಿಕೃತ ಆಸ್ತಿ. ಈ ವ್ಯತ್ಯಾಸ ನಿಮಗೆ ಗೊತ್ತಿರಬೇಕು, ಏಕೆಂದರೆ ಬ್ಯಾಂಕಿನ ವಕೀಲರಿಗೆ ಅದು ಚೆನ್ನಾಗಿ ಗೊತ್ತು. 11ಬಿ, ಬಿ-ಖಾತಾ ಆಸ್ತಿಗಳಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ. ಕೊಡುವ ಖಾಸಗಿ ಕಂಪನಿಗಳು ಹೆಚ್ಚು ಬಡ್ಡಿ ಹಾಕುತ್ತವೆ. ಅಗ್ಗಕ್ಕೆ ಸಿಕ್ಕ ಸೈಟು ದುಬಾರಿ ಸಾಲವನ್ನು ಬೆನ್ನಿಗೆ ಕಟ್ಟಿಕೊಂಡು ಬರುವುದು ಹೀಗೆ.

ಮೂರನೆಯದು ಋಣಭಾರ ಪತ್ರ, ಎಲ್ಲರೂ ಇಸಿ ಎನ್ನುವ ಕಾಗದ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಮನೆಯಲ್ಲೇ ಕುಳಿತು ತೆಗೆಯಬಹುದು. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ಮೂವತ್ತು ವರ್ಷದ್ದನ್ನು ತೆಗೆಸಿ. ಹಳೆಯ ಸಾಲ, ಹಳೆಯ ಕರಾರು, ಪಾಲುಪಟ್ಟಿ ಎಲ್ಲ ಅದರಲ್ಲಿ ಕಾಣುತ್ತವೆ. ನೋಂದಣಿಯಾಗದ ಬಾಯಿಮಾತಿನ ಹಂಚಿಕೆ ಮಾತ್ರ ಕಾಣುವುದಿಲ್ಲ. ಅದಕ್ಕಾಗಿಯೇ ಪಿತ್ರಾರ್ಜಿತ ಆಸ್ತಿಯಾದರೆ ವಂಶವೃಕ್ಷ ಕೇಳಿ, ಎಲ್ಲ ಪಾಲುದಾರರೂ ಕ್ರಯಪತ್ರಕ್ಕೆ ಸಹಿ ಹಾಕುವಂತೆ ನೋಡಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ 2005ರ ತಿದ್ದುಪಡಿಯ ನಂತರ ಗಂಡುಮಕ್ಕಳಷ್ಟೇ ಹಕ್ಕಿದೆ. ‘ಅಕ್ಕ ಏನೂ ಕೇಳುವುದಿಲ್ಲ’ ಎಂಬ ಭರವಸೆಯ ಮೇಲೆ ಇಪ್ಪತ್ತೈದು ಲಕ್ಷ ಹಾಕಬೇಡಿ.

ನಾಲ್ಕನೆಯದನ್ನು ಬಹಳ ಮಂದಿ ಕೇಳುವುದೇ ಇಲ್ಲ. ಆ ಜಮೀನು ಮೂಲದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದೇ? ಹಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದೆ ಆದ ಮಾರಾಟ ಊರ್ಜಿತವಲ್ಲ. 2023ರ ತಿದ್ದುಪಡಿಯ ನಂತರ, ಎಷ್ಟೋ ವರ್ಷ ಕಳೆದಿದೆ ಎಂಬ ಕಾರಣಕ್ಕೆ ಮೂಲ ಮಂಜೂರಾತಿದಾರರ ಅರ್ಜಿಯನ್ನು ತಳ್ಳಿಹಾಕುವಂತಿಲ್ಲ. ಅವರ ಹಕ್ಕು ನ್ಯಾಯವಾದದ್ದು. ತಿಳಿಯದೆ ಕೊಂಡರೆ ನಷ್ಟ ನಿಮ್ಮದು. ಹಳೆಯ ಕೈಬರಹದ ಪಹಣಿ, ಮುಟೇಶನ್ ಉತಾರಗಳನ್ನು ತೆಗೆಸಿದರೆ ಮೂಲ ಗೊತ್ತಾಗುತ್ತದೆ.

ಈ ಎಲ್ಲ ಪ್ರತಿಗಳನ್ನು ನಿಮ್ಮದೇ ವಕೀಲರೊಬ್ಬರಿಗೆ ತೋರಿಸಿ ಅಭಿಪ್ರಾಯ ಪಡೆಯಿರಿ. ಕೆಲವು ಸಾವಿರ ರೂಪಾಯಿ ಖರ್ಚಾದೀತು, ಆಗಲಿ. ಆಮೇಲೆ ಅದೇ ಕಡತವನ್ನು ಬ್ಯಾಂಕಿಗೆ ಒಯ್ದು, ಸಂಚಕಾರ ಕೊಡುವ ಮೊದಲೇ ‘ಈ ಆಸ್ತಿಗೆ ಸಾಲ ಆಗುತ್ತದೆಯೇ’ ಎಂದು ಕೇಳಿ. ಮಾರುವವರಿಗೆ ಆತುರವಿದ್ದು ಕರಾರು ಆಗಲೇಬೇಕೆಂದರೆ, ‘ಕಾಗದಪತ್ರದ ದೋಷದಿಂದ ಬ್ಯಾಂಕ್ ಸಾಲ ದೊರೆಯದಿದ್ದರೆ ಮುಂಗಡವನ್ನು ಪೂರ್ತಿ ಹಿಂದಿರುಗಿಸತಕ್ಕದ್ದು’ ಎಂಬ ಸಾಲನ್ನು ಕರಾರಿನಲ್ಲಿ ಬರೆಸಿ. ಒಪ್ಪದವರ ಆಸ್ತಿ ಬಿಟ್ಟುಬಿಡಿ.

ಹೆಜ್ಜೆ 5: ಯಾರ ಬಳಿ ಸಾಲ?

ಸರ್ಕಾರಿ ಬ್ಯಾಂಕುಗಳಲ್ಲಿ ಬಡ್ಡಿ ಸಾಮಾನ್ಯವಾಗಿ ಕಡಿಮೆ, ಕಾಗದದ ತಪಾಸಣೆ ಬಿಗಿ, ಓಡಾಟ ಹೆಚ್ಚು. ಆ ಬಿಗಿ ತಪಾಸಣೆಯೇ ನಿಮಗೆ ರಕ್ಷಣೆ ಎಂದು ನಾನು ನಂಬುತ್ತೇನೆ. ಖಾಸಗಿ ಬ್ಯಾಂಕುಗಳು ಬೇಗ ಮುಗಿಸುತ್ತವೆ. ಆದರೆ ತಾಲ್ಲೂಕು ಕೇಂದ್ರಗಳಲ್ಲಿ ಅವುಗಳ ಶಾಖೆ ಇದ್ದರೂ ಗೃಹಸಾಲದ ತೀರ್ಮಾನ ದೊಡ್ಡ ಊರಿನಲ್ಲಿ ಆಗುವುದುಂಟು.

ಕರ್ನಾಟಕ ಗ್ರಾಮೀಣ ಬ್ಯಾಂಕಿನ ಪ್ರಧಾನ ಕಚೇರಿ ಬಳ್ಳಾರಿಯಲ್ಲೇ ಇದೆ. 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಸೇರಿ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್ ಆಗಿದೆ. ಹಳ್ಳಿಯ ಆಸ್ತಿ, ರೈತರ ಆದಾಯ ಇವುಗಳ ಪರಿಚಯ ಅಲ್ಲಿನ ಸಿಬ್ಬಂದಿಗೆ ಚೆನ್ನಾಗಿರುತ್ತದೆ. ಬೆಳೆ ಸಾಲವನ್ನು ಸರಿಯಾಗಿ ತೀರಿಸಿಕೊಂಡು ಬಂದವರು ಮೊದಲು ಅಲ್ಲಿ ವಿಚಾರಿಸುವುದು ಒಳ್ಳೆಯದು.

ವಸತಿ ಹಣಕಾಸು ಕಂಪನಿಗಳು ಮತ್ತೊಂದು ಬಗೆ. ಆದಾಯದ ದಾಖಲೆ ತೆಳುವಾಗಿರುವವರಿಗೆ ಅವು ದಾರಿ ತೋರಿಸುತ್ತವೆ. ಬಡ್ಡಿ ಬ್ಯಾಂಕಿಗಿಂತ ಹಲವು ಪರ್ಸೆಂಟ್ ಹೆಚ್ಚಿರಬಹುದು. ಅನಿವಾರ್ಯವಾದರೆ ಅಲ್ಲಿಂದ ಆರಂಭಿಸಿ, ಎರಡು ಮೂರು ವರ್ಷ ಕಂತು ತಪ್ಪದಂತೆ ಕಟ್ಟಿ, ಬಳಿಕ ಬ್ಯಾಂಕಿಗೆ ವರ್ಗಾಯಿಸಿಕೊಳ್ಳುವ ಯೋಜನೆ ಇಟ್ಟುಕೊಳ್ಳಿ. ಕಾಗದಪತ್ರ ಸರಿಯಿದ್ದರೆ ಮಾತ್ರ ಅದು ಸಾಧ್ಯ ಎಂಬುದು ನೆನಪಿರಲಿ.

ಸೌಹಾರ್ದ ಸಹಕಾರಿಗಳು, ಪತ್ತಿನ ಸಂಘಗಳು ಪರಿಚಯದ ಮೇಲೆ ಬೇಗ ಸಾಲ ಕೊಡುತ್ತವೆ. ಇವು ಬ್ಯಾಂಕುಗಳಲ್ಲ, ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲೂ ಇಲ್ಲ. ಮುಂದೆ ಹೇಳಲಿರುವ ಅನೇಕ ರಕ್ಷಣೆಗಳು ಇವುಗಳ ಸಾಲಕ್ಕೆ ಅನ್ವಯಿಸುವುದಿಲ್ಲ. ಹತ್ತಾರು ವರ್ಷದ ದೊಡ್ಡ ಸಾಲಕ್ಕೆ ಇವನ್ನು ನಾನು ಶಿಫಾರಸು ಮಾಡುವುದಿಲ್ಲ.

ಹೆಜ್ಜೆ 6: ಬಡ್ಡಿ ದರವನ್ನು ಓದುವುದು

25 ಲಕ್ಷ ಸಾಲ, 20 ವರ್ಷ, ಶೇ 8.5 ಬಡ್ಡಿ ಎಂದರೆ ಕಂತು ಸುಮಾರು 21,696 ರೂಪಾಯಿ. ಶೇ 9.5 ಆದರೆ 23,303. ತಿಂಗಳಿಗೆ 1,600 ಎಂದರೆ ಸಣ್ಣದಾಗಿ ಕಾಣುತ್ತದೆ, ಇಪ್ಪತ್ತು ವರ್ಷಕ್ಕೆ 3.85 ಲಕ್ಷವಾಗುತ್ತದೆ.

ಆದರೆ ಇಂದಿನ ದರಕ್ಕಿಂತ ಮುಖ್ಯವಾದದ್ದು ಆ ದರ ಯಾವುದಕ್ಕೆ ಜೋಡಿಸಲಾಗಿದೆ ಎಂಬುದು. 2019ರ ಅಕ್ಟೋಬರ್ 1ರಿಂದ ವಾಣಿಜ್ಯ ಬ್ಯಾಂಕುಗಳು ಹೊಸ ಬದಲಾಗುವ ಬಡ್ಡಿಯ ಮನೆ ಸಾಲವನ್ನು ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರದಂಥ ಹೊರಗಿನ ಮಾನದಂಡಕ್ಕೆ ಜೋಡಿಸಿ, ಕನಿಷ್ಠ ಮೂರು ತಿಂಗಳಿಗೊಮ್ಮೆ ದರ ಪರಿಷ್ಕರಿಸಬೇಕು. ಹೀಗಾಗಿ 2025ರ ಆರಂಭದಲ್ಲಿ 6.50 ಇದ್ದ ರೆಪೊ ದರ ಜೂನ್ ಹೊತ್ತಿಗೆ 5.50ಕ್ಕೆ ಇಳಿದಾಗ ಆ ಇಳಿಕೆ ಸಾಲಗಾರರಿಗೆ ತಲುಪಿತು. ಏರಿಕೆಯೂ ಹೀಗೆಯೇ ತಲುಪುತ್ತದೆ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೊ 4ರಿಂದ 6.50ಕ್ಕೆ ಏರಿತ್ತು. ಗ್ರಾಮೀಣ ಬ್ಯಾಂಕುಗಳಿಗೂ ವಸತಿ ಹಣಕಾಸು ಕಂಪನಿಗಳಿಗೂ ಈ ಜೋಡಣೆ ಕಡ್ಡಾಯವಲ್ಲ. ಕಂಪನಿಗಳು ತಮ್ಮದೇ ಮೂಲ ದರ ಇಟ್ಟುಕೊಂಡಿರುತ್ತವೆ. ಅಲ್ಲಿ ಕೇಳಬೇಕಾದ ಪ್ರಶ್ನೆ: ‘ಹಿಂದಿನ ಸಲ ರೆಪೊ ಇಳಿದಾಗ ನಿಮ್ಮ ಹಳೆಯ ಗ್ರಾಹಕರಿಗೆ ಎಷ್ಟು ಇಳಿಸಿದಿರಿ?’

ಮೊದಲ ಎರಡು ಮೂರು ವರ್ಷ ಮಾತ್ರ ಸ್ಥಿರ, ಆಮೇಲೆ ಬದಲಾಗುವ ಬಡ್ಡಿ ಎಂಬ ಸಾಲಗಳೂ ಇವೆ. ಸ್ಥಿರ ಎಂದು ಹೇಳಿದರೆ ಎಷ್ಟು ವರ್ಷಕ್ಕೆ ಎಂದು ಬರವಣಿಗೆಯಲ್ಲಿ ಕೇಳಿ.

ಬಡ್ಡಿ ಏರಿದಾಗ ಬ್ಯಾಂಕುಗಳು ಕಂತನ್ನು ಹಾಗೆಯೇ ಇಟ್ಟು ಅವಧಿಯನ್ನು ಹಿಗ್ಗಿಸುತ್ತಿದ್ದವು. ನಿವೃತ್ತಿಯಾದ ಮೇಲೂ ಕಂತು ಮುಂದುವರಿಯುವ ಸ್ಥಿತಿ ಬರುತ್ತಿತ್ತು. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೆ ಕಡಿವಾಣ ಹಾಕಿದೆ. ಕಂತು ಏರಿಸಬೇಕೇ, ಅವಧಿ ಹಿಗ್ಗಿಸಬೇಕೇ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಬೇಕೇ ಎಂಬ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕು. ಸಾಧ್ಯವಿದ್ದರೆ ಕಂತು ಏರಿಸಿಕೊಳ್ಳಿ.

ಹೆಜ್ಜೆ 7: ಒಂದೇ ಕಾಗದದಲ್ಲಿ ಎಲ್ಲ ಲೆಕ್ಕ

2024ರ ಅಕ್ಟೋಬರ್ 1ರಿಂದ ಪ್ರತಿ ಮನೆ ಸಾಲಕ್ಕೂ ಬ್ಯಾಂಕು ಅಥವಾ ಕಂಪನಿ ‘ಪ್ರಮುಖ ಅಂಶಗಳ ಹೇಳಿಕೆ’ ಕೊಡಬೇಕು. ಕಚೇರಿಗಳಲ್ಲಿ ಅದನ್ನು ಕೆಎಫ್‌ಎಸ್ ಎನ್ನುತ್ತಾರೆ. ನಿಮಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು, ಕನ್ನಡದಲ್ಲಿ ಕೇಳುವುದು ನಿಮ್ಮ ಹಕ್ಕು. ಸಹಿ ಹಾಕುವ ಮುನ್ನ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನ ಸಿಗುತ್ತದೆ. ಅದರಲ್ಲಿ ಎಪಿಆರ್ ಎಂಬ ಅಂಕಿ ಇರುತ್ತದೆ. ಬಡ್ಡಿಯ ಜೊತೆಗೆ ಪ್ರೊಸೆಸಿಂಗ್ ಶುಲ್ಕ, ಕಾನೂನು ಶುಲ್ಕ, ಬ್ಯಾಂಕಿನ ಮೂಲಕ ವಸೂಲಾಗುವ ವಿಮೆಯ ಹಣ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಬೀಳುವ ದರ ಅದು. ಮೂರು ಕಡೆಯಿಂದ ಈ ಹೇಳಿಕೆ ತಂದು ಎಪಿಆರ್‌ಗಳನ್ನು ಹೋಲಿಸಿ. ಏಜೆಂಟರು ಬಾಯಲ್ಲಿ ಹೇಳಿದ್ದು ಈ ಕಾಗದದಲ್ಲಿ ಇಲ್ಲದಿದ್ದರೆ ಅದು ಇಲ್ಲವೆಂದೇ ತಿಳಿಯಿರಿ.

ವಿಮೆಯ ವಿಷಯದಲ್ಲಿ ಎಚ್ಚರ ಬೇಕು. ‘ವಿಮೆ ಮಾಡಿಸಿದರೇ ಸಾಲ’ ಎನ್ನುವ ಸಿಬ್ಬಂದಿ ಸಿಗುತ್ತಾರೆ. ಸಾಲಕ್ಕೆ ಜೋಡಿಸಿದ ಜೀವವಿಮೆ ಕಡ್ಡಾಯವಲ್ಲ. ಒಂದೇ ಸಲಕ್ಕೆ ಕಟ್ಟಬೇಕಾದ 80,000 ರೂಪಾಯಿ ಪ್ರೀಮಿಯಂ ಅನ್ನು ಸಾಲಕ್ಕೇ ಸೇರಿಸಿದರೆ, ಶೇ 8.5ರಲ್ಲಿ 20 ವರ್ಷಕ್ಕೆ ಅದು 1.66 ಲಕ್ಷವಾಗುತ್ತದೆ. ದುಡಿಯುವವರೊಬ್ಬರೇ ಇರುವ ಮನೆಗೆ ರಕ್ಷಣೆ ಖಂಡಿತ ಬೇಕು. ಸಾಲದಷ್ಟು ಮೊತ್ತದ ಟರ್ಮ್ ವಿಮೆಯನ್ನು ನೀವೇ ಬೇರೆಯಾಗಿ ಮಾಡಿಸಿ. ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಿದರೂ ಆ ವಿಮೆ ನಿಮ್ಮ ಬಳಿಯೇ ಉಳಿಯುತ್ತದೆ.

ಪ್ರೊಸೆಸಿಂಗ್ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಇದೆ. ಹಬ್ಬದ ತಿಂಗಳುಗಳಲ್ಲಿ ಹಲವು ಬ್ಯಾಂಕುಗಳು ಈ ಶುಲ್ಕವನ್ನೇ ಬಿಡುತ್ತವೆ, ಕೇಳಿ ನೋಡಿ. ಹೆಂಡತಿಯ ಹೆಸರಿನಲ್ಲಿ ಆಸ್ತಿ ಇದ್ದರೆ ಕೆಲವು ಬ್ಯಾಂಕುಗಳು ಬಡ್ಡಿಯಲ್ಲಿ ಚೂರು ರಿಯಾಯಿತಿ ಕೊಡುತ್ತವೆ.

ಹೆಜ್ಜೆ 8: ಅವಧಿ

ಅದೇ 25 ಲಕ್ಷವನ್ನು 15 ವರ್ಷಕ್ಕೆ ತೆಗೆದುಕೊಂಡರೆ ಕಂತು 24,618. ಇಪ್ಪತ್ತು ವರ್ಷದ ಸಾಲಕ್ಕಿಂತ ತಿಂಗಳಿಗೆ ಹೆಚ್ಚಾಗುವುದು ಮೂರು ಸಾವಿರವೂ ಇಲ್ಲ. ಒಟ್ಟು ಬಡ್ಡಿ ಮಾತ್ರ 27 ಲಕ್ಷದಿಂದ 19.3 ಲಕ್ಷಕ್ಕೆ ಇಳಿಯುತ್ತದೆ. ಇಪ್ಪತ್ತು ವರ್ಷದ ಸಾಲದ ಮೊದಲ ಕಂತಿನಲ್ಲಿ 17,708 ರೂಪಾಯಿ ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು ನಾಲ್ಕು ಸಾವಿರ ಸಹ ಇಲ್ಲ. ಅದಕ್ಕೇ ಆರಂಭದ ವರ್ಷಗಳಲ್ಲಿ ಕಟ್ಟುವ ಹೆಚ್ಚುವರಿ ಹಣಕ್ಕೆ ಬಲ ಜಾಸ್ತಿ.

ಆದಾಯ ಏರಿಳಿಯುವ ರೈತರು, ವ್ಯಾಪಾರಿಗಳು ಮಾತ್ರ ದೀರ್ಘ ಅವಧಿಯನ್ನೇ ಆರಿಸಿ, ಸುಗ್ಗಿಯಲ್ಲಿ ಹೆಚ್ಚುವರಿ ಹಣ ಕಟ್ಟುವುದು ಕ್ಷೇಮ. ವರ್ಷಕ್ಕೆ ಒಂದೇ ಒಂದು ಹೆಚ್ಚುವರಿ ಕಂತು ಕಟ್ಟಿದರೂ ಸುಮಾರು ಮೂರು ವರ್ಷ ಮೊದಲೇ ಸಾಲ ತೀರುತ್ತದೆ. ವ್ಯಕ್ತಿಗಳು ಮನೆಗೆಂದು ಪಡೆದ ಬದಲಾಗುವ ಬಡ್ಡಿಯ ಸಾಲವನ್ನು ಅವಧಿಗೆ ಮುನ್ನ ಭಾಗಶಃ ಅಥವಾ ಪೂರ್ತಿ ತೀರಿಸಿದರೆ ಬ್ಯಾಂಕೂ ವಸತಿ ಹಣಕಾಸು ಕಂಪನಿಯೂ ದಂಡ ಹಾಕುವಂತಿಲ್ಲ. ಹೆಚ್ಚುವರಿ ಹಣ ಕಟ್ಟುವಾಗ ‘ಅವಧಿ ಕಡಿಮೆ ಮಾಡಿ, ಕಂತು ಹಾಗೆಯೇ ಇರಲಿ’ ಎಂದು ಬರೆದು ಕೊಡಿ.

ಹೆಜ್ಜೆ 9: ನೀವೇ ಕಟ್ಟಿಸುವುದಾದರೆ

ಸಾಲ ಒಟ್ಟಿಗೆ ಕೈಗೆ ಬರುವುದಿಲ್ಲ. ಬುನಾದಿ, ಲಿಂಟಲ್, ಛತ್ತು, ಪ್ಲಾಸ್ಟರ್ ಎಂದು ಹಂತ ಹಂತವಾಗಿ, ಎಂಜಿನಿಯರ್ ಬಂದು ನೋಡಿದ ಮೇಲೆ ಬಿಡುಗಡೆಯಾಗುತ್ತದೆ. ಮೊದಲ ಹಂತಕ್ಕೆ ನಿಮ್ಮ ಪಾಲಿನ ಹಣವೇ ಬೀಳುತ್ತದೆ.

ನಮ್ಮ ಕಡೆ ಇಲ್ಲಿಯೇ ಲೆಕ್ಕ ತಪ್ಪುವುದು. ರಾಯಚೂರು, ಸಿಂಧನೂರು, ಸಿರುಗುಪ್ಪ, ಕೊಪ್ಪಳದ ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಅಲ್ಲಿ ಬುನಾದಿ ಆಳಕ್ಕೆ ಹೋಗಬೇಕು, ಮೊರಂ ತುಂಬಬೇಕು, ಪ್ಲಿಂತ್ ಬೀಮ್ ಗಟ್ಟಿಯಾಗಿರಬೇಕು. ಕೆಂಪು ಮಣ್ಣಿನ ಮೇಲೆ ಕಟ್ಟಿದ ನೆಂಟರ ಮನೆಯ ಖರ್ಚು ನೋಡಿ ಅಂದಾಜು ಪಟ್ಟಿ ಮಾಡಿಸಿದವರ ಹಣ ಬುನಾದಿಯಲ್ಲೇ ಮುಗಿದು, ಛತ್ತಿನ ಹಂತದಲ್ಲಿ ಕೆಲಸ ನಿಲ್ಲುತ್ತದೆ. ಹಂತ ಮುಗಿಯದೆ ಬ್ಯಾಂಕು ಮುಂದಿನ ಹಣ ಬಿಡುವುದಿಲ್ಲ. ಅಂದಾಜು ಪಟ್ಟಿಯಲ್ಲಿ ಬುನಾದಿಯನ್ನು ಮಣ್ಣಿಗೆ ತಕ್ಕಂತೆ ಬರೆಸಿ, ಒಟ್ಟು ಮೊತ್ತದ ಹತ್ತರಲ್ಲಿ ಒಂದು ಪಾಲನ್ನು ಬೇರೆ ಎತ್ತಿಡಿ. ಕಟ್ಟಡ ನಡೆಯುವಾಗ ಬಿಡುಗಡೆಯಾದ ಹಣಕ್ಕೆ ಬಡ್ಡಿ ಕಟ್ಟಬೇಕಾಗುತ್ತದೆ. ಬಾಡಿಗೆ ಮನೆಯಲ್ಲಿ ಇರುವವರಿಗೆ ಬಾಡಿಗೆ, ಬಡ್ಡಿ ಎರಡೂ ಒಟ್ಟಿಗೆ ಬೀಳುತ್ತವೆ.

ಹೆಜ್ಜೆ 10: ಸಹಾಯಧನ, ತೆರಿಗೆ

ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ, ವರ್ಷಕ್ಕೆ 9 ಲಕ್ಷದೊಳಗೆ ಆದಾಯವಿದ್ದು ದೇಶದಲ್ಲೆಲ್ಲೂ ಪಕ್ಕಾ ಮನೆ ಇಲ್ಲದ ಕುಟುಂಬಕ್ಕೆ ಬಡ್ಡಿ ಸಹಾಯಧನ ಇದೆ. ಮನೆಯ ಮೌಲ್ಯ 35 ಲಕ್ಷ, ಸಾಲ 25 ಲಕ್ಷ ದಾಟಬಾರದು. ಮೊದಲ 8 ಲಕ್ಷಕ್ಕೆ ಶೇ 4ರಂತೆ ಗರಿಷ್ಠ 1.80 ಲಕ್ಷ ರೂಪಾಯಿ, ಐದು ವಾರ್ಷಿಕ ಕಂತುಗಳಲ್ಲಿ ಸಾಲದ ಖಾತೆಗೆ ಬರುತ್ತದೆ. 2024ರ ಸೆಪ್ಟೆಂಬರ್ 1ರ ನಂತರ ಮಂಜೂರಾದ ಸಾಲ ಆಗಿರಬೇಕು. ಅರ್ಜಿ ಹಾಕುವಾಗಲೇ ಶಾಖೆಯಲ್ಲಿ ಕೇಳಿ.

ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ತೆರಿಗೆ ವಿನಾಯಿತಿ ಸಿಗುವುದು ಹಳೆಯ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ ಇರುವವರು ‘ತೆರಿಗೆ ಉಳಿಯುತ್ತದೆ’ ಎಂಬ ಮಾತಿಗೆ ದೊಡ್ಡ ಸಾಲ ಮಾಡಬೇಡಿ.

ಹೆಜ್ಜೆ 11: ಸಹಿಯ ನಂತರ

ಬ್ಯಾಂಕಿಗೆ ಒಪ್ಪಿಸಿದ ಮೂಲ ಕಾಗದಗಳ ಪಟ್ಟಿಯನ್ನು ಮೊಹರು, ಸಹಿಯೊಂದಿಗೆ ಪಡೆದುಕೊಳ್ಳಿ. ಎಲ್ಲದರ ಸ್ಕ್ಯಾನ್ ಪ್ರತಿ ಇಟ್ಟುಕೊಳ್ಳಿ. ವರ್ಷಕ್ಕೊಮ್ಮೆ ನಿಮ್ಮ ಬಡ್ಡಿಯನ್ನು ಅದೇ ಬ್ಯಾಂಕು ಹೊಸ ಗ್ರಾಹಕರಿಗೆ ಕೊಡುವ ದರದೊಂದಿಗೆ ಹೋಲಿಸಿ. ವ್ಯತ್ಯಾಸ ದೊಡ್ಡದಿದ್ದರೆ ಇಳಿಸಲು ಅರ್ಜಿ ಕೊಡಿ.

ಕಂತು ಕಟ್ಟಲಾಗದ ಪರಿಸ್ಥಿತಿ ಬಂದರೆ ಫೋನ್ ಎತ್ತದೆ ಇರಬೇಡಿ. 90 ದಿನ ಬಾಕಿ ಉಳಿದರೆ ಸಾಲ ಎನ್‌ಪಿಎ, ಅಂದರೆ ವಸೂಲಾಗದ ಸಾಲ ಎಂದು ದಾಖಲಾಗುತ್ತದೆ. ನಂತರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸ್ ಕೊಟ್ಟು ಮನೆಯನ್ನು ವಶಕ್ಕೆ ಪಡೆಯುವ ಅಧಿಕಾರ ಬ್ಯಾಂಕಿಗೆ ಬರುತ್ತದೆ. ಅದಕ್ಕೂ ಮೊದಲು ಶಾಖೆಗೆ ಹೋಗಿ, ಬೆಳೆ ನಷ್ಟವೋ ಆಸ್ಪತ್ರೆ ಖರ್ಚೋ ಕಾರಣವನ್ನು ಬರೆದು ಕೊಟ್ಟು, ಅವಧಿ ಮರುಹೊಂದಿಸಲು ಕೇಳಿ. ತಡವಾದ ಕಂತಿಗೆ ಶುಲ್ಕ ಹಾಕಬಹುದು. ಆದರೆ ಆ ಶುಲ್ಕವನ್ನು ಅಸಲಿಗೆ ಸೇರಿಸಿ ಬಡ್ಡಿಯ ಮೇಲೆ ಬಡ್ಡಿ ಬೆಳೆಸುವಂತಿಲ್ಲ.

ದೂರಿದ್ದರೆ ಮೊದಲು ಬ್ಯಾಂಕಿಗೇ ಲಿಖಿತವಾಗಿ ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು, ಶುಲ್ಕವಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಿ. ವಸತಿ ಹಣಕಾಸು ಕಂಪನಿಯ ಮೇಲಿನ ದೂರು ರಾಷ್ಟ್ರೀಯ ವಸತಿ ಬ್ಯಾಂಕಿಗೆ ಹೋಗುತ್ತದೆ.

ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಕಾಗದಪತ್ರಗಳನ್ನು ಹಿಂದಿರುಗಿಸಬೇಕು. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2023ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ ಈ ನಿಯಮವನ್ನು ಶಾಖೆಯಲ್ಲಿ ನೆನಪಿಸಬೇಕಾಗಿ ಬರಬಹುದು. ಬಾಕಿ ಇಲ್ಲವೆಂಬ ಪತ್ರ ಪಡೆದು, ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅಡಮಾನ ಬಿಡುಗಡೆ ನೋಂದಾಯಿಸಿ. ತಿಂಗಳ ನಂತರ ಹೊಸ ಇಸಿ ತೆಗೆದು, ಆ ಬಿಡುಗಡೆ ಅದರಲ್ಲಿ ನಮೂದಾಗಿದೆಯೇ ಎಂದು ನೋಡಿ.